ಬಿಳಿ ಮಾಡದ ಮುಲಾಮು

ಬೇಸಿಗೆ ಮುಗಿಯುತ್ತ ಬಂದ ದಿನಗಳಲ್ಲಿ ಕರಾವಳಿಯ ಯಾವುದೇ ಚರ್ಮವೈದ್ಯರ ಕ್ಲಿನಿಕ್ಕಿಗೆ ಹೋಗಿ ಕೂತರೆ, ಅಂಗಿ ಬಿಚ್ಚಿ ಬೆನ್ನು ತೋರಿಸುವ ಹುಡುಗರು ಒಬ್ಬರಾದ ಮೇಲೊಬ್ಬರು ಬರುತ್ತಿರುತ್ತಾರೆ. ಬೆನ್ನು, ಎದೆ, ಕುತ್ತಿಗೆಯ ಬುಡ, ತೋಳಿನ ಮೇಲ್ಭಾಗದಲ್ಲಿ ಮಾಸಲು ಬಿಳಿ ಮಚ್ಚೆಗಳು. ಕೆಲವು ನಾಣ್ಯದಷ್ಟು ಸಣ್ಣವು, ಕೆಲವು ಒಂದಕ್ಕೊಂದು ಕೂಡಿಕೊಂಡು ಅಂಗೈಯಗಲ ಹರಡಿದವು. ನೋವಿಲ್ಲ, ಬೆವರಿದಾಗ ಒಂದಿಷ್ಟು ತುರಿಕೆ, ಅಷ್ಟೆ. ವೈದ್ಯರು ಗಾಜಿನ ಸ್ಲೈಡಿನ ಅಂಚಿನಿಂದ ಮೆಲ್ಲನೆ ಕೆರೆದರೆ ತೌಡಿನಂಥ ನವುರಾದ ಪುಡಿ ಉದುರುತ್ತದೆ. ಚಿಬ್ಬು ಎಂದು ಗೊತ್ತಾಗಲು ಅಷ್ಟು ಸಾಕು. ಜೊತೆಗೆ ಬಂದ ತಾಯಿಯ ಭಯ ಮಾತ್ರ ಬೇರೆಯೇ ಇರುತ್ತದೆ. ‘ಡಾಕ್ಟ್ರೇ, ತೊನ್ನಲ್ಲ ತಾನೆ?’

ತೊನ್ನಲ್ಲ. ತೊನ್ನಿನ ಮಚ್ಚೆ ಅಚ್ಚ ಬಿಳಿಯಾಗಿರುತ್ತದೆ, ಕೆರೆದರೂ ಪುಡಿ ಉದುರುವುದಿಲ್ಲ, ಅಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳೇ ಇಲ್ಲವಾಗಿರುತ್ತವೆ. ಚಿಬ್ಬಿನಲ್ಲಿ ಆ ಕೋಶಗಳು ಇದ್ದಲ್ಲೇ ಇರುತ್ತವೆ, ಅವುಗಳ ಕೆಲಸ ಕುಂಠಿತವಾಗಿರುತ್ತದೆ. ಹಾಗೆ ಮಾಡುವುದು ಮಲಸೀಜಿಯಾ ಎಂಬ ಶಿಲೀಂಧ್ರ. ಇದೇನೂ ಎಲ್ಲಿಂದಲೋ ಬಂದು ಅಂಟಿಕೊಂಡದ್ದಲ್ಲ. ನನ್ನ ಚರ್ಮದ ಮೇಲೂ ಇದೆ, ನಿಮ್ಮ ಚರ್ಮದ ಮೇಲೂ ಇದೆ. ಮೈಯ ಜಿಡ್ಡನ್ನು ತಿಂದುಕೊಂಡು ಸುಮ್ಮನಿರುತ್ತದೆ. ಕೊಬ್ಬಿಲ್ಲದೆ ಇದಕ್ಕೆ ಬದುಕಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಬೇಕೆಂದರೆ ತಟ್ಟೆಯ ಮೇಲೆ ಆಲಿವ್ ಎಣ್ಣೆಯನ್ನೋ ಅಂಥದ್ದೇ ಇನ್ನೊಂದು ಕೊಬ್ಬನ್ನೋ ಕೊಡಬೇಕಾಗುತ್ತದೆ. ಸೆಖೆ, ಬೆವರು, ಆರದ ಬನಿಯನ್ನು ಮೂರೂ ಕೂಡಿದಾಗ ಇದು ಮಿತಿಮೀರಿ ಬೆಳೆದು ಮಚ್ಚೆಯಾಗುತ್ತದೆ. ಜರ್ಮನಿಯ ವೈದ್ಯ ಐಕ್‌ಸ್ಟೆಟ್ 1846ರಷ್ಟು ಹಿಂದೆಯೇ ಈ ಮಚ್ಚೆಗಳಲ್ಲಿ ಶಿಲೀಂಧ್ರವನ್ನು ಗುರುತಿಸಿದ್ದ. ಔಷಧ ಹಚ್ಚಿದರೆ ಅದು ಬೇಗ ಹತೋಟಿಗೆ ಬರುತ್ತದೆ. ಬಿಳುಪು ಮಾತ್ರ ತಿಂಗಳುಗಟ್ಟಲೆ ಉಳಿದು, ಔಷಧವೇ ಸರಿಯಿಲ್ಲ ಎಂಬ ಅಪವಾದಕ್ಕೆ ಕಾರಣವಾಗುತ್ತದೆ.

ಚರ್ಮವನ್ನು ಕೊಳೆಸದೆ, ಗಾಯ ಮಾಡದೆ, ಬಣ್ಣವನ್ನಷ್ಟೇ ಇಳಿಸುವ ಈ ಶಿಲೀಂಧ್ರದ ಬಳಿ ಇರುವುದೇನು? ಈ ಪ್ರಶ್ನೆಯ ಬೆನ್ನು ಹತ್ತಿದವರ ಕೈಗೆ ಒಂದು ಆಮ್ಲ ಸಿಕ್ಕಿತು. ಇವತ್ತು ಮೊಡವೆಗೆ, ಮೊಡವೆ ಹೋದ ಮೇಲೆ ಉಳಿಯುವ ಕಲೆಗೆ, ನಮ್ಮ ಹೆಂಗಸರನ್ನು ಕಾಡುವ ಬಂಗಿಗೆ ವೈದ್ಯರು ಬರೆದುಕೊಡುವ ಅಜೆಲೈಕ್ ಆಮ್ಲ ಅದೇ. ಅದರ ಒಂದು ಗುಣ ನಮ್ಮ ಮಾರುಕಟ್ಟೆಗೆ ಒಗ್ಗುವುದಿಲ್ಲ: ಅದು ಯಾರನ್ನೂ ಬೆಳ್ಳಗೆ ಮಾಡುವುದಿಲ್ಲ.

ರೋಮಿನಲ್ಲಿ ಸಿಕ್ಕ ಆಮ್ಲ

ರೋಮ್ ನಗರದ ಸ್ಯಾನ್ ಗ್ಯಾಲಿಕಾನೊ ಚರ್ಮರೋಗ ಸಂಸ್ಥೆ ಹದಿನೆಂಟನೇ ಶತಮಾನದಲ್ಲಿ ಆಸ್ಪತ್ರೆಯಾಗಿ ಶುರುವಾದದ್ದು. 1970ರ ದಶಕದಲ್ಲಿ ಅಲ್ಲಿ ಮಾರ್ಸೆಲ್ಲಾ ನಜಾರೊ-ಪೊರೊ ಎಂಬ ಚರ್ಮವೈದ್ಯೆ ಮತ್ತು ಸಿರೊ ಪಾಸ್ಸಿ ಎಂಬ ವಿಜ್ಞಾನಿ ಚಿಬ್ಬಿನ ಶಿಲೀಂಧ್ರವನ್ನು ಬೆಳೆಸಿ, ಅದು ಕೊಬ್ಬಿನಾಮ್ಲಗಳನ್ನು ಏನು ಮಾಡುತ್ತದೆಂದು ನೋಡುತ್ತಿದ್ದರು. ಒಲೆಯಿಕ್ ಆಮ್ಲದಂಥ ಅಪರ್ಯಾಪ್ತ ಕೊಬ್ಬಿನಾಮ್ಲವನ್ನು ಕೊಟ್ಟಾಗ ಅದರ ಸರಪಳಿ ತುಂಡಾಗಿ, ಎರಡೂ ತುದಿಗಳಲ್ಲಿ ಆಮ್ಲದ ಗುಂಪಿರುವ ಚಿಕ್ಕ ಅಣುಗಳು ಉಂಟಾದವು. ಅವುಗಳಲ್ಲಿ ಒಂಬತ್ತು ಇಂಗಾಲದ ಪರಮಾಣುಗಳಿರುವುದೇ ಅಜೆಲೈಕ್ ಆಮ್ಲ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಬೇಕಾದರೆ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಪ್ರನಾಳದಲ್ಲಿ ಈ ಆಮ್ಲಗಳು ಆ ಕಿಣ್ವವನ್ನು ತಡೆಯುತ್ತವೆ ಎಂಬ ವಿವರ 1978ರಲ್ಲಿ ಪ್ರಕಟವಾಯಿತು. ಮುಂದಿನ ಹೆಜ್ಜೆ ಸಹಜವಾಗಿಯೇ ಇತ್ತು. ಆಮ್ಲವನ್ನು ಮುಲಾಮಿನಲ್ಲಿ ಬೆರೆಸಿ ಚರ್ಮಕ್ಕೆ ಹಚ್ಚಿದರು. ಬಂಗಿನಂಥ ಕಪ್ಪು ಕಲೆಗಳು ತಿಳಿಯಾದವು. ಪಕ್ಕದ ಆರೋಗ್ಯಕರ ಚರ್ಮಕ್ಕೆ ಹಚ್ಚಿದರೂ ಅಲ್ಲಿನ ಬಣ್ಣ ಇಳಿಯಲಿಲ್ಲ. ಹುಟ್ಟುಮಚ್ಚೆ ಹೋಗಲಿಲ್ಲ, ನಸುಮಚ್ಚೆಗಳು ಕದಲಲಿಲ್ಲ. ಲಂಡನ್ನಿನ ಸೇಂಟ್ ಮೇರೀಸ್ ವೈದ್ಯಕೀಯ ಶಾಲೆಯ ಅಂಗರಚನಾ ತಜ್ಞ ಬ್ರೆತ್‌ನಾಕ್ ಇವರೊಂದಿಗೆ ಸೇರಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದೇ ವಿಷಯದ ಹಿಂದೆ ವರ್ಷಗಟ್ಟಲೆ ಬಿದ್ದರು. ಅವರು ಕೊಟ್ಟ ವಿವರಣೆ ಹೀಗಿದೆ: ಅಜೆಲೈಕ್ ಆಮ್ಲ ಟೈರೋಸಿನೇಸನ್ನು ತಡೆಯುವುದರಲ್ಲಿ ಅಂಥ ಬಲಶಾಲಿಯಲ್ಲ. ಆದರೆ ಅತಿಯಾಗಿ ದುಡಿಯುತ್ತಿರುವ, ಅಸಹಜವಾಗಿ ಕೆರಳಿರುವ ಬಣ್ಣದ ಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳ ಕೆಲಸವನ್ನೂ ಡಿಎನ್‌ಎ ತಯಾರಿಯನ್ನೂ ಅದು ಮಂದಗೊಳಿಸುತ್ತದೆ. ನೆಮ್ಮದಿಯಾಗಿ ತನ್ನ ಪಾಡಿಗಿರುವ ಕೋಶಕ್ಕೆ ಅದರ ಬಿಸಿ ತಟ್ಟುವುದಿಲ್ಲ.

ಚರ್ಮದ ಒಂದು ಬಗೆಯ ಕ್ಯಾನ್ಸರಿನ ಪೂರ್ವಸ್ಥಿತಿಯಾದ ಕಪ್ಪು ಮಚ್ಚೆಗಳ ಮೇಲೂ ಅವರು ಇದನ್ನು ಪ್ರಯೋಗಿಸಿ ನೋಡಿದರು, ಆಗ ಆಸೆ ಬಹಳ ಎತ್ತರಕ್ಕೆ ಹೋಗಿತ್ತು. ಕ್ಯಾನ್ಸರ್ ಔಷಧವಾಗಿ ಅದು ನಿಲ್ಲಲಿಲ್ಲ. ಆದರೆ ಹೀಗೆ ಕಲೆಗೆಂದು ಹಚ್ಚಿಸಿಕೊಂಡವರಲ್ಲಿ ಕೆಲವರಿಗೆ ಮೊಡವೆಯೂ ಇತ್ತು. ಕಲೆಯ ಜೊತೆಗೆ ಮೊಡವೆಯೂ ಇಳಿಯಿತು. 1983ರಲ್ಲಿ ಇದೇ ತಂಡ 15 ಶೇಕಡಾ ಅಜೆಲೈಕ್ ಮುಲಾಮು ಮೊಡವೆಗೆ ಒಳ್ಳೆಯದೆಂದು ಬರೆಯಿತು. ಅಮೆರಿಕದ ಔಷಧ ಆಡಳಿತ 1995ರಲ್ಲಿ 20 ಶೇಕಡಾ ಮುಲಾಮಿಗೆ ಅನುಮತಿ ಕೊಟ್ಟಿದ್ದು ಮೊಡವೆಗೆ, 2002ರಲ್ಲಿ 15 ಶೇಕಡಾ ಜೆಲ್ಲಿಗೆ ಕೊಟ್ಟಿದ್ದು ರೊಸೇಸಿಯಾ ಎಂಬ, ಕೆನ್ನೆ ಮೂಗು ಕೆಂಪಗಾಗುವ ಕಾಯಿಲೆಗೆ. ಕಲೆಯಿಂದ ಶುರುವಾದ ಔಷಧಕ್ಕೆ ಅಲ್ಲಿ ಕಲೆಗೇ ಅಧಿಕೃತ ಮುದ್ರೆ ಬೀಳಲಿಲ್ಲ. ಬಂಗಿಗೆ ವೈದ್ಯರು ಅದನ್ನು ಬರೆಯುವುದು ಅಧ್ಯಯನಗಳ ಮತ್ತು ಅನುಭವದ ಬಲದಿಂದ.

ಈ ಕತೆಗೆ ಒಂದು ತಿರುವೂ ಇದೆ. ಚಿಬ್ಬಿನ ಬಿಳುಪಿಗೆ ನಿಜವಾಗಿ ಅಜೆಲೈಕ್ ಆಮ್ಲವೇ ಕಾರಣವೇ ಎಂಬ ಅನುಮಾನ ಆಮೇಲೆ ಬಲವಾಯಿತು. ಶಿಲೀಂಧ್ರ ಚರ್ಮದ ಮೇಲೆ ತಯಾರಿಸುವ ಆಮ್ಲದ ಪ್ರಮಾಣ ಅಷ್ಟು ಬಿಳುಪಿಗೆ ಸಾಲದು. ಜರ್ಮನಿಯ ಗೀಸೆನ್‌ನಲ್ಲಿ ಪೀಟರ್ ಮೇಸರ್ ಮತ್ತು ಸಂಗಡಿಗರು ಇದೇ ಶಿಲೀಂಧ್ರ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದ ತಯಾರಿಸುವ ಇನ್ನೊಂದು ಗುಂಪಿನ ರಾಸಾಯನಿಕಗಳನ್ನು ಕಂಡುಹಿಡಿದರು. ಅವುಗಳಲ್ಲಿ ಮಲಸೀಜಿನ್ ಎಂಬುದು ಬಣ್ಣದ ಕೋಶಗಳನ್ನೇ ಸಾಯುವಂತೆ ಪ್ರೇರೇಪಿಸಬಲ್ಲದು. ಅಂದರೆ ರೋಮಿನವರ ಪ್ರಶ್ನೆಗೆ ಸಿಕ್ಕ ಉತ್ತರ ಪೂರ್ತಿ ಸರಿಯಲ್ಲದಿರಬಹುದು. ಉತ್ತರದ ಜೊತೆ ಸಿಕ್ಕ ಔಷಧ ಮಾತ್ರ ಸರಿಯಾಗಿಯೇ ಕೆಲಸ ಮಾಡುತ್ತಿದೆ. ವಿಜ್ಞಾನದಲ್ಲಿ ಇದು ಅಪರೂಪವೇನಲ್ಲ.

ಗೋಧಿಯಲ್ಲಿದೆ, ಗ್ರೀಸಿನಲ್ಲೂ ಇದೆ

ಅಜೆಲೈಕ್ ಆಮ್ಲದ ಟ್ಯೂಬುಗಳ ಜಾಹೀರಾತಿನಲ್ಲಿ ಗೋಧಿ ತೆನೆಯ ಚಿತ್ರ ಸಾಮಾನ್ಯ. ಸುಳ್ಳಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಇದು ಅತ್ಯಲ್ಪ ಪ್ರಮಾಣದಲ್ಲಿದೆ, ನಮ್ಮ ದೇಹದಲ್ಲೂ ಕೊಬ್ಬು ಕರಗುವಾಗ ಒಂದಿಷ್ಟು ಉಂಟಾಗುತ್ತದೆ. ಹಾಗೆಂದು ಚಪಾತಿ ತಿಂದರೆ ಮೊಡವೆ ಹೋಗುವುದಿಲ್ಲ, ಗೋಧಿಹಿಟ್ಟು ಕಲಸಿ ಮೆತ್ತಿಕೊಂಡರೆ ಬಂಗು ಇಳಿಯುವುದಿಲ್ಲ. 20 ಶೇಕಡಾ ಮುಲಾಮಿನ ಒಂದೊಂದು ಗ್ರಾಮಿನಲ್ಲೂ 200 ಮಿಲಿಗ್ರಾಂ ಆಮ್ಲವಿರುತ್ತದೆ. ಅಡುಗೆಮನೆಯ ಯಾವ ಡಬ್ಬಿಯಲ್ಲೂ ಅಷ್ಟು ಸಿಗದು.

ಟ್ಯೂಬಿನೊಳಗಿನ ಆಮ್ಲ ಬರುವುದು ಹೊಲದಿಂದಲ್ಲ, ಕಾರ್ಖಾನೆಯಿಂದ. ಹಳೆಯ ವಿಧಾನದಲ್ಲಿ ಹರಳೆಣ್ಣೆಯೇ ಮೂಲ: ಅದರ ಮುಖ್ಯ ಕೊಬ್ಬಿನಾಮ್ಲವನ್ನು ಪೊಟ್ಯಾಸಿಯಂ ಪರ್ಮ್ಯಾಂಗನೇಟಿನಿಂದಲೋ ನೈಟ್ರಿಕ್ ಆಮ್ಲದಿಂದಲೋ ತುಂಡರಿಸಿದರೆ ಅಜೆಲೈಕ್ ಆಮ್ಲ ಸಿಗುತ್ತದೆ, ಕಾಲೇಜಿನ ಪ್ರಯೋಗಾಲಯದಲ್ಲೂ ಮಾಡಬಹುದಾದ ಕೆಲಸ. ಈಗ ದೊಡ್ಡ ಪ್ರಮಾಣದಲ್ಲಿ ಒಲೆಯಿಕ್ ಆಮ್ಲಕ್ಕೆ ಓಜೋನ್ ಹಾಯಿಸಿ ತಯಾರಿಸುತ್ತಾರೆ. ಆ ಒಲೆಯಿಕ್ ಆಮ್ಲ ಸಸ್ಯದ ಎಣ್ಣೆಯಿಂದಲೂ ಬಂದಿರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬಂದಿರಬಹುದು. ಹೀಗೆ ತಯಾರಾದ ಅಜೆಲೈಕ್ ಆಮ್ಲದಲ್ಲಿ ಬಹುಪಾಲು ಔಷಧಕ್ಕೆ ಹೋಗುವುದೂ ಇಲ್ಲ. ಪ್ಲಾಸ್ಟಿಕ್ ಮೆದುವಾಗಿಸಲು, ಒಂದು ಬಗೆಯ ನೈಲಾನಿಗೆ, ಲಾರಿ ಬಸ್ಸುಗಳ ಬೇರಿಂಗಿಗೆ ಹಾಕುವ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸಿಗೆ ಹೋಗುತ್ತದೆ. ‘ನೈಸರ್ಗಿಕ’ ಎಂಬ ಪದ ಕಂಡೊಡನೆ ಕೈಚೀಲ ಬಿಚ್ಚುವವರು ಇದನ್ನು ನೆನಪಿಟ್ಟರೆ ಸಾಕು. ಗೋಧಿಯಲ್ಲಿದ್ದರೂ ಗ್ರೀಸಿನಲ್ಲಿದ್ದರೂ ಅಣು ಒಂದೇ, ಗುಣವೂ ಒಂದೇ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ತೈಲಚಿತ್ರಗಳನ್ನು ನೋಡಿದವರಿಗೆ ಇನ್ನೊಂದು ಸ್ವಾರಸ್ಯ ಹೇಳಬೇಕು. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ಒಣಗಿ ವರ್ಷಗಳು ಕಳೆದಂತೆ ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಮುರಿಯುತ್ತವೆ, ಅವು ಮುರಿಯುವ ಜಾಗದಲ್ಲಿ ಉಳಿಯುವ ತುಂಡೇ ಅಜೆಲೈಕ್ ಆಮ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಜಾನ್ ಮಿಲ್ಸ್, ರೇಮಂಡ್ ವೈಟ್ ಮುಂತಾದವರು ಈ ಗುಣವನ್ನು ಪತ್ತೇದಾರಿಕೆಗೆ ಬಳಸಿದರು. ಹಳೆಯ ಚಿತ್ರದಿಂದ ತೆಗೆದ ಕಣ್ಣಿಗೂ ಕಾಣದಷ್ಟು ಬಣ್ಣದ ಚೂರಿನಲ್ಲಿ ಅಜೆಲೈಕ್ ಆಮ್ಲಕ್ಕೂ ಪಾಲ್ಮಿಟಿಕ್ ಆಮ್ಲಕ್ಕೂ ಇರುವ ಪ್ರಮಾಣ ಅಳೆದರೆ, ಕಲಾವಿದ ಬಣ್ಣ ಕಲಸಿದ್ದು ಎಣ್ಣೆಯಲ್ಲೋ ಮೊಟ್ಟೆಯ ಹಳದಿಯಲ್ಲೋ ಎಂದು ಹೇಳಬಹುದು. ಎಣ್ಣೆಯಾದರೆ ಅಜೆಲೈಕ್ ಜಾಸ್ತಿ, ಮೊಟ್ಟೆಯಾದರೆ ತೀರಾ ಕಡಿಮೆ.

ಗಿಡಗಳಿಗೂ ಇದು ಪರಿಚಿತ. ಶಿಕಾಗೊ ವಿಶ್ವವಿದ್ಯಾಲಯದ ಜೀನ್ ಗ್ರೀನ್‌ಬರ್ಗ್ ಅವರ ತಂಡ 2009ರಲ್ಲಿ, ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದನ್ನು ಗಮನಿಸಿತು. ಒಂದು ಎಲೆಗೆ ಬ್ಯಾಕ್ಟೀರಿಯಾ ತಗುಲಿದರೆ ಗಿಡದ ರಸದಲ್ಲಿ ಅಜೆಲೈಕ್ ಆಮ್ಲ ಹೆಚ್ಚುತ್ತದೆ, ಉಳಿದ ಎಲೆಗಳು ಮುಂದಿನ ದಾಳಿಗೆ ಸಿದ್ಧವಾಗಿರುತ್ತವೆ. ಆ ಎಲೆಗಳು ದಾಳಿಯಾದೊಡನೆ ತಯಾರಿಸುವುದು ಸ್ಯಾಲಿಸಿಲಿಕ್ ಆಮ್ಲವನ್ನು. ಅದೂ ಮೊಡವೆಯ ಫೇಸ್‌ವಾಶ್‌ಗಳಲ್ಲಿ ನಾವು ಕಾಣುವ ಆಮ್ಲವೇ.

ಮೊಡವೆಯೂ ಅದರ ಕಲೆಯೂ

ಚರ್ಮದ ಮೇಲೆ ಈ ಆಮ್ಲದ ಕೆಲಸ ಒಂದೇ ಬಗೆಯದಲ್ಲ. ಮೊಡವೆ ಹುಟ್ಟುವುದು ಕೂದಲಿನ ಬುಡದ ರಂಧ್ರ ಕಟ್ಟಿಕೊಂಡು, ಅದರೊಳಗೆ ಜಿಡ್ಡು ನಿಂತು, ಅಲ್ಲಿ ಬ್ಯಾಕ್ಟೀರಿಯಾ ಬೆಳೆದು, ಅದಕ್ಕೆ ದೇಹ ಉರಿಯೂತದಿಂದ ಉತ್ತರ ಕೊಟ್ಟಾಗ. ಅಜೆಲೈಕ್ ಆಮ್ಲ ರಂಧ್ರದ ಬಾಯಲ್ಲಿ ಚರ್ಮಕೋಶಗಳು ಗಟ್ಟಿಯಾಗಿ ಕಟ್ಟಿಕೊಳ್ಳುವುದನ್ನು ತಗ್ಗಿಸುತ್ತದೆ. ಮೊಡವೆಯ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಗೆ ಅಡ್ಡಿ ಮಾಡುತ್ತದೆ. ಉರಿಯೂತಕ್ಕೆ ಬಂದ ಬಿಳಿ ರಕ್ತಕಣಗಳು ಉಗುಳುವ ಹಾನಿಕರ ಆಮ್ಲಜನಕದ ರೂಪಗಳನ್ನು ಕಡಿಮೆ ಮಾಡುತ್ತದೆ. ಜಿಡ್ಡಿನ ಮೇಲೆ ಅದರ ಪ್ರಭಾವ ಹೇಳಿಕೊಳ್ಳುವಂಥದ್ದಲ್ಲ. ಆ್ಯಂಟಿಬಯಾಟಿಕ್ ಜೆಲ್‌ಗಳನ್ನು ತಿಂಗಳುಗಟ್ಟಲೆ ಹಚ್ಚಿಕೊಂಡವರಲ್ಲಿ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದಂತಾಗುವುದು ಈಗ ಚರ್ಮವೈದ್ಯರ ದೊಡ್ಡ ತಲೆನೋವು. ಅಜೆಲೈಕ್ ಆಮ್ಲಕ್ಕೆ ಅಂಥ ಪ್ರತಿರೋಧ ಬೆಳೆದ ತೊಂದರೆ ಕಾಣಿಸಿಕೊಂಡಿಲ್ಲ.

ನಮ್ಮ ಚರ್ಮಕ್ಕೆ ಇದು ಹೆಚ್ಚು ಹೊಂದಿಕೊಳ್ಳಲು ಬೇರೆ ಕಾರಣವಿದೆ. ಕಂದು ಚರ್ಮದಲ್ಲಿ ಮೊಡವೆಗಿಂತ ಮೊಡವೆಯ ಕಲೆ ದೀರ್ಘಾಯುಷಿ. ಒಂದು ವಾರದ ಗುಳ್ಳೆ ಆರು ತಿಂಗಳ ಕಪ್ಪು ಚುಕ್ಕೆಯನ್ನು ಬಿಟ್ಟು ಹೋಗುತ್ತದೆ. ಯುರೋಪಿನ ಹುಡುಗಿ ‘ಮೊಡವೆ ಹೋಗಲಿ’ ಎಂದು ವೈದ್ಯರ ಬಳಿ ಹೋದರೆ, ನಮ್ಮ ಹುಡುಗಿ ‘ಕಲೆ ಹೋಗಲಿ’ ಎಂದು ಹೋಗುತ್ತಾಳೆ. ಎರಡಕ್ಕೂ ಒಂದೇ ಟ್ಯೂಬು ಸಾಕಾಗುವ ಔಷಧಗಳು ಬಹಳ ಇಲ್ಲ.

ಬಂಗಿನ ವಿಚಾರಕ್ಕೆ ಬರೋಣ. ಎರಡೂ ಕೆನ್ನೆಯ ಮೇಲೆ, ಹಣೆಯಲ್ಲಿ, ಮೇಲ್ದುಟಿಯ ಮೇಲೆ ಹರಡುವ ಕಂದು ಛಾಯೆ. ಬಸುರಿನಲ್ಲಿ ಕಾಣಿಸಿಕೊಳ್ಳುವುದುಂಟು, ಗರ್ಭನಿರೋಧಕ ಮಾತ್ರೆಯಿಂದ ಬರುವುದುಂಟು, ಮನೆತನದಲ್ಲೇ ಇರುವುದುಂಟು. ಗಂಡಸರನ್ನೂ ಅದು ಬಿಡುವುದಿಲ್ಲ. ಮೂಲ ಏನೇ ಇರಲಿ, ಅದನ್ನು ಉಳಿಸಿ ಬೆಳೆಸುವುದು ಬಿಸಿಲು. ಬರೀ ಅತಿನೇರಳೆ ಕಿರಣವಲ್ಲ. ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮದಲ್ಲಿ ಬಂಗನ್ನು ಕೆರಳಿಸುತ್ತದೆ, ಕಿಟಕಿಯ ಗಾಜು ಆ ಬೆಳಕನ್ನು ತಡೆಯುವುದಿಲ್ಲ. ‘ನಾನು ಹೊರಗೇ ಹೋಗಲ್ಲ, ನನಗ್ಯಾಕೆ ಸನ್‌ಸ್ಕ್ರೀನ್’ ಎನ್ನುವವರಿಗೆ ಇದು ಉತ್ತರ. ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣಕ್ಕೆ ಹೊಂದುವ ಸನ್‌ಸ್ಕ್ರೀನ್ ಬಂಗಿರುವವರಿಗೆ ಮೇಲು ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ.

ಬಂಗಿಗೆ ಅಜೆಲೈಕ್ ಆಮ್ಲದ ಬಗ್ಗೆ ಎರಡು ಹಳೆಯ ಅಧ್ಯಯನಗಳನ್ನು ಈಗಲೂ ಎಲ್ಲರೂ ನೆನೆಯುತ್ತಾರೆ. ಫಿಲಿಪೀನ್ಸ್‌ನಲ್ಲಿ 155 ಜನರ ಮೇಲೆ 24 ವಾರ ನಡೆದ, 1989ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 20 ಶೇಕಡಾ ಅಜೆಲೈಕ್ ಹಚ್ಚಿದವರಲ್ಲಿ ಸುಮಾರು 73 ಶೇಕಡಾ ಮಂದಿಗೆ ಒಳ್ಳೆಯ ಅಥವಾ ಅತ್ಯುತ್ತಮ ಫಲ ಸಿಕ್ಕಿತು. ಬಂಗಿಗೆ ಬಳಸುವ ಇನ್ನೊಂದು ಔಷಧವಾದ ಹೈಡ್ರೊಕ್ವಿನೋನನ್ನು 2 ಶೇಕಡಾ ಪ್ರಮಾಣದಲ್ಲಿ ಹಚ್ಚಿದವರಲ್ಲಿ ಅದು 19 ಶೇಕಡಾ. ಹೈಡ್ರೊಕ್ವಿನೋನನ್ನು 4 ಶೇಕಡಾಕ್ಕೆ ಏರಿಸಿ 329 ಹೆಂಗಸರ ಮೇಲೆ ನಡೆಸಿದ, 1991ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಎರಡರ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ, ಅಜೆಲೈಕ್ ಗುಂಪಿನಲ್ಲಿ 65 ಶೇಕಡಾ ಮಂದಿಗೆ ಒಳ್ಳೆಯ ಫಲ ಬಂತು. ಅಂದರೆ ಮೂವರಲ್ಲಿ ಒಬ್ಬರಿಗೆ ಅಂಥ ಗುಣ ಕಾಣಲಿಲ್ಲ ಎಂದೂ ಅರ್ಥ. ಹೈಡ್ರೊಕ್ವಿನೋನ್ ಒಳ್ಳೆಯ ಔಷಧವೇ. ಆದರೆ ವೈದ್ಯರ ಕಣ್ಣಳತೆಯಿಲ್ಲದೆ ವರ್ಷಗಟ್ಟಲೆ ಹಚ್ಚಿದರೆ ಓಕ್ರೊನೋಸಿಸ್ ಎಂಬ ನೀಲಿಗಪ್ಪು ಕಲೆ ತಂದಿಡುತ್ತದೆ, ಅದು ಬಂಗಿಗಿಂತ ಹಟಮಾರಿ. 1975ರಲ್ಲಿ ದಕ್ಷಿಣ ಆಫ್ರಿಕಾದಿಂದ ಇದರ ವರದಿ ಬಂದಾಗ, ಅಲ್ಲಿನ ಕಪ್ಪು ಹೆಂಗಸರು ಬೆಳ್ಳಗಾಗುವ ಆಸೆಗೆ ಹೈಡ್ರೊಕ್ವಿನೋನನ್ನು ಹಚ್ಚುತ್ತಿದ್ದರು. ಯುರೋಪಿನಲ್ಲಿ ಅದು ಈಗ ಚರ್ಮಕ್ಕೆ ಹಚ್ಚುವ ಸೌಂದರ್ಯವರ್ಧಕಗಳಲ್ಲಿ ನಿಷಿದ್ಧ.

ಬಸುರಿಯರ ವಿಷಯದಲ್ಲಿ ಅಜೆಲೈಕ್ ಆಮ್ಲಕ್ಕೆ ವಿಶೇಷ ಸ್ಥಾನವಿದೆ. ಟ್ರೆಟಿನಾಯಿನ್ ಎಂಬ ಮೊಡವೆಯ ಔಷಧ, ಹೈಡ್ರೊಕ್ವಿನೋನ್ ಎರಡನ್ನೂ ಆಗ ವೈದ್ಯರು ದೂರವಿಡುತ್ತಾರೆ. ಅಜೆಲೈಕ್ ಹಚ್ಚಿದಾಗ ರಕ್ತಕ್ಕೆ ಸೇರುವುದು ಸುಮಾರು 4 ಶೇಕಡಾ ಮಾತ್ರ, ಅದೂ ಬಹುಮಟ್ಟಿಗೆ ಮೂತ್ರದಲ್ಲಿ ಹೊರಹೋಗುತ್ತದೆ, ಹೇಗಿದ್ದರೂ ದೇಹಕ್ಕೆ ಪರಿಚಯವಿರುವ ಅಣು. ಹಾಗಾಗಿ ಮೊಡವೆಯಿಂದ ತೀರಾ ಬಳಲುವ ಬಸುರಿಗೆ ವೈದ್ಯರು ಧೈರ್ಯವಾಗಿ ಬರೆಯುವ ಕೆಲವೇ ಔಷಧಗಳಲ್ಲಿ ಇದೂ ಒಂದು. ಬಸುರಿನ ಬಂಗಿಗಾದರೆ ಹೆರಿಗೆಯ ನಂತರ ತಾನಾಗಿ ತಿಳಿಯಾಗುತ್ತದೆಯೇ ಎಂದು ಕಾಯುವುದೂ ಒಂದು ಚಿಕಿತ್ಸೆಯೇ.

ಎರಡು ಟ್ಯೂಬುಗಳ ಸಮಾಚಾರ

ಇಷ್ಟೆಲ್ಲ ಇದ್ದೂ ಈ ಔಷಧದ ಹೆಸರು ನಮ್ಮಲ್ಲಿ ಮನೆಮಾತಾಗಲಿಲ್ಲ ಏಕೆ? ಉತ್ತರಕ್ಕೆ ಯಾವುದಾದರೂ ಮೆಡಿಕಲ್ ಶಾಪಿನ ಕೌಂಟರಿನ ಪಕ್ಕ ಸ್ವಲ್ಪ ಹೊತ್ತು ನಿಂತರೆ ಸಾಕು.

‘ಅಣ್ಣಾ, ಮುಖಕ್ಕೆ ಹಚ್ಚೋದು ಆ ಕ್ರೀಮ್ ಕೊಡಿ, ಪಕ್ಕದ್ಮನೆ ಸುಮಕ್ಕ ತಗೊಂಡು ಹೋಗ್ತಾರಲ್ಲ, ಅದೇ.’

‘ಚೀಟಿ ಇದ್ಯಾ ಅಕ್ಕಾ?’

‘ಚೀಟಿ ಯಾಕೆ? ಬಂಗಿಗೆ ತಾನೆ. ಅವರಿಗೆ ಹದಿನೈದೇ ದಿನಕ್ಕೆ ಮುಖ ಬೆಳ್ಳಗಾಗಿದೆ.’

ಟ್ಯೂಬು ಕೈ ಬದಲಾಗುತ್ತದೆ. ಅದರಲ್ಲಿರುವುದು ಮೂರು ಔಷಧಗಳ ಮಿಶ್ರಣ: ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೀರಾಯ್ಡ್. ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ 1975ರಲ್ಲಿ ಹೇಳಿದ ಸೂತ್ರದ ವಂಶದ್ದು. ಬಂಗಿಗೆ ಇದು ಪರಿಣಾಮಕಾರಿ, ಅದರಲ್ಲಿ ಎರಡು ಮಾತಿಲ್ಲ. ವೈದ್ಯರು ಕೆಲವು ವಾರಗಳಿಗೆಂದು ಬರೆದುಕೊಡುತ್ತಾರೆ, ಆಮೇಲೆ ನಿಲ್ಲಿಸುತ್ತಾರೆ. ಮೆಡಿಕಲ್ ಶಾಪಿನಿಂದ ನೇರವಾಗಿ ಬಂದ ಟ್ಯೂಬಿಗೆ ನಿಲ್ಲಿಸುವ ದಿನಾಂಕ ಇರುವುದಿಲ್ಲ. ಸ್ಟೀರಾಯ್ಡ್ ಹಚ್ಚಿದ ಮುಖ ಮೊದಲ ವಾರಗಳಲ್ಲಿ ಹೊಳೆಯುತ್ತದೆ. ಉರಿ ಇಲ್ಲ, ತುರಿಕೆ ಇಲ್ಲ, ನೋಡಿದವರೆಲ್ಲ ‘ಏನ್ ಹಚ್ತಿದ್ದೀಯ?’ ಎನ್ನುತ್ತಾರೆ. ತಿಂಗಳುಗಳು ಉರುಳಿದಂತೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣಿಸಿಕೊಳ್ಳುತ್ತವೆ, ಕೆನ್ನೆಯಲ್ಲಿ ರೋಮ ಬೆಳೆಯುತ್ತದೆ, ಮೊಡವೆ ಹೊಸದಾಗಿ ಏಳುತ್ತದೆ. ಒಂದು ದಿನ ಹಚ್ಚದಿದ್ದರೆ ಮುಖ ಉರಿಯುತ್ತದೆ, ಕೆಂಪೇರುತ್ತದೆ. ಉರಿ ತಡೆಯಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ.

ಇದು ಅಲ್ಲೊಂದು ಇಲ್ಲೊಂದು ನಡೆಯುವ ಕತೆಯಲ್ಲ. ದೇಶದ 12 ಚರ್ಮರೋಗ ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ತೊಂದರೆಯೆಂದು ಬಂದ 2,926 ಜನರ ಪೈಕಿ 433 ಮಂದಿ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರು. ಅವರಲ್ಲಿ 257 ಮಂದಿಗೆ ಅದನ್ನು ಸೂಚಿಸಿದವರು ವೈದ್ಯರಾಗಿರಲಿಲ್ಲ. ದುಷ್ಪರಿಣಾಮ ಕಂಡಿದ್ದು 392 ಮಂದಿಯಲ್ಲಿ. ಹಚ್ಚಲು ಕಾರಣ ಕೇಳಿದರೆ ‘ಬೆಳ್ಳಗಾಗಲು’ ಎಂದವರೇ ದೊಡ್ಡ ಗುಂಪು. ಚರ್ಮವೈದ್ಯರ ಸಂಘ ಇದರ ವಿರುದ್ಧ ವರ್ಷಗಳ ಕಾಲ ಹೋರಾಡಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ಕೌಂಟರಿನ ಆಚೆ ಈಚೆ ಅದರ ಪರಿಣಾಮ ಎಷ್ಟೆಂದು ಮೇಲಿನ ಮಾತುಕತೆಯಲ್ಲೇ ಇದೆ.

ಈ ಪೈಪೋಟಿಯಲ್ಲಿ ಅಜೆಲೈಕ್ ಆಮ್ಲದ ಟ್ಯೂಬು ಸೋಲುವುದು ಸಹಜ. ಮೊದಲ ವಾರ ಹಚ್ಚಿದೊಡನೆ ಮುಖ ಚುರುಚುರು ಎನ್ನುತ್ತದೆ, ಕೆಲವರಿಗೆ ತುರಿಕೆ, ಸ್ವಲ್ಪ ಸಿಪ್ಪೆ. ಕನ್ನಡಿಯಲ್ಲಿ ಬದಲಾವಣೆ ಏನೂ ಇಲ್ಲ. ಮೊಡವೆ ಇಳಿಯಲು ಒಂದೆರಡು ತಿಂಗಳು, ಬಂಗು ತಿಳಿಯಾಗಲು ನಾಲ್ಕಾರು ತಿಂಗಳು. ಅಷ್ಟಾಗಿಯೂ ಸಿಗುವುದೇನು? ನಮ್ಮದೇ ಬಣ್ಣ, ಕಲೆಯಿಲ್ಲದೆ. ಕಪ್ಪಾಗಲಿ ಬಿಳುಪಾಗಲಿ ಮನುಷ್ಯರಲ್ಲಿ ಬಣ್ಣದ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಆ ಕೋಶಗಳು ತಯಾರಿಸುವ ಬಣ್ಣದ ಕಣಗಳ ಗಾತ್ರ, ಸಂಖ್ಯೆ ಬೇರೆ. ಆ ಸಹಜ ಉತ್ಪಾದನೆಗೆ ಕೈಹಾಕದೆ, ಕೆರಳಿದ ಕೋಶವನ್ನು ಮಾತ್ರ ಸುಮ್ಮನಾಗಿಸುವುದು ವೈದ್ಯಶಾಸ್ತ್ರದ ಕಣ್ಣಲ್ಲಿ ಔಷಧದ ದೊಡ್ಡ ಗುಣ. ಮದುವೆಗೆ ಮೂರು ವಾರ ಇದೆಯೆಂದು ಕ್ರೀಮ್ ಕೇಳಲು ಬಂದವರ ಕಣ್ಣಲ್ಲಿ ಅದೇ ದೊಡ್ಡ ದೋಷ. 1975ರಿಂದ ಮಾರಾಟವಾಗುತ್ತಿದ್ದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡಿತು. ಕೇಳುವವರ ಆಸೆ ಹೆಸರು ಬದಲಿಸಿಕೊಂಡಂತೆ ನನಗೆ ಕಾಣುವುದಿಲ್ಲ.

ಈಚೆಗೆ ನಗರಗಳಲ್ಲಿ ಸೀರಮ್ಮಿನ ಹುಚ್ಚು ಹಬ್ಬಿದ ಮೇಲೆ ಅಜೆಲೈಕ್ ಆಮ್ಲಕ್ಕೂ ಶುಕ್ರದೆಸೆ ಬಂದಿದೆ. 10 ಶೇಕಡಾದ ಸಣ್ಣ ಟ್ಯೂಬುಗಳನ್ನು ಆನ್‌ಲೈನಿನಲ್ಲಿ ತರಿಸಿ, ಅದರ ಮೇಲೆ ವಿಟಮಿನ್ ಸಿ, ಅದರ ಮೇಲೆ ರೆಟಿನಾಲ್, ಅದರ ಮೇಲೆ ಇನ್ನೊಂದು ಆಮ್ಲ ಎಂದು ಪದರ ಪದರವಾಗಿ ಹಚ್ಚಿ ಮುಖ ಸುಟ್ಟುಕೊಂಡು ವೈದ್ಯರ ಬಳಿ ಬರುವ ಹೊಸ ಪೀಳಿಗೆ ಹುಟ್ಟಿಕೊಂಡಿದೆ. ಕಂದು ಚರ್ಮಕ್ಕೆ ಯಾವುದೇ ಉರಿ ಒಳ್ಳೆಯದಲ್ಲ, ಉರಿದ ಜಾಗ ಕಪ್ಪಾಗುತ್ತದೆ. ಶೇಕಡಾ ಜಾಸ್ತಿಯಿದ್ದರೆ ಗುಣ ಜಾಸ್ತಿ ಎಂಬ ಲೆಕ್ಕವೂ ತಪ್ಪು. 15 ಶೇಕಡಾ ಜೆಲ್ಲಿನಲ್ಲಿ ಆಮ್ಲದ ಕಣಗಳು ನುಣ್ಣಗೆ ಹರಡಿಕೊಂಡಿರುವುದರಿಂದ 20 ಶೇಕಡಾ ಮುಲಾಮಿಗಿಂತ ಹೆಚ್ಚು ಆಮ್ಲ ಚರ್ಮದೊಳಗೆ ಇಳಿಯುತ್ತದೆ.

ವೈದ್ಯರು ಬರೆದುಕೊಟ್ಟಿದ್ದರೆ ಹಚ್ಚುವ ಕ್ರಮ ಸರಳ. ಮುಖ ತೊಳೆದು ಪೂರ್ತಿ ಆರಿದ ಮೇಲೆ, ಇಡೀ ಮುಖಕ್ಕೆ ಕಡಲೆಕಾಳಿನಷ್ಟು. ಒದ್ದೆ ಮುಖಕ್ಕೆ ಹಚ್ಚಿದರೆ ಚುರುಚುರು ಜಾಸ್ತಿ. ಮೊದಲು ದಿನಕ್ಕೊಮ್ಮೆ, ಒಗ್ಗಿದ ಮೇಲೆ ಎರಡು ಹೊತ್ತು. ಉರಿ ಮೊದಲ ಕೆಲವು ವಾರಗಳಲ್ಲಿ ತಗ್ಗಬೇಕು. ತಗ್ಗದಿದ್ದರೆ, ಹಚ್ಚಿದ ಜಾಗ ಸುತ್ತಲಿನ ಚರ್ಮಕ್ಕಿಂತ ಬೆಳ್ಳಗಾದರೆ, ಉಬ್ಬಸವಿದ್ದವರಿಗೆ ಉಬ್ಬಸ ಹೆಚ್ಚಾದರೆ ನಿಲ್ಲಿಸಿ ತೋರಿಸಬೇಕು. ಇವೆಲ್ಲ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಟ್ರೆಟಿನಾಯಿನ್ ಮುಂತಾದ ರೆಟಿನಾಯ್ಡ್‌ಗಳಂತೆ ಇದು ಚರ್ಮವನ್ನು ಬಿಸಿಲಿಗೆ ನಾಜೂಕಾಗಿಸುವುದಿಲ್ಲ, ಹಾಗಾಗಿ ಬೆಳಿಗ್ಗೆಯೂ ಹಚ್ಚಬಹುದು. ಮೇಲೆ ಸನ್‌ಸ್ಕ್ರೀನ್ ಹಚ್ಚದಿದ್ದರೆ ಬಂಗಿನ ವಿಷಯದಲ್ಲಿ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಬಂಗು ಒಮ್ಮೆ ಹೋದರೂ ಮರಳಿ ಬರುವ ಸ್ವಭಾವದ್ದು, ಬಿಸಿಲಿನ ಎಚ್ಚರ ಜೀವನಪರ್ಯಂತದ್ದು.

ಇಷ್ಟು ಓದಿದವರು ಈಗ ಎದ್ದು ಹೋಗಿ ಮನೆಯ ಕನ್ನಡಿಯ ಮುಂದಿರುವ ಮುಖದ ಕ್ರೀಮಿನ ಹಿಂಬದಿಯನ್ನು ಓದಿ. ಅಕ್ಷರ ಸಣ್ಣದಿರುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಳ್ಳಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲೂಸಿನೊಲೋನ್ ಈ ನಾಲ್ಕರಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ತಿಂಗಳುಗಳಿಂದ ಹಚ್ಚುತ್ತಿದ್ದರೆ ಹೆದರಿ ಒಂದೇ ಸಲ ನಿಲ್ಲಿಸಬೇಡಿ, ಮುಖ ಉರಿದುಹೋಗುತ್ತದೆ. ಟ್ಯೂಬನ್ನು ಕೈಲಿ ಹಿಡಿದುಕೊಂಡೇ ಚರ್ಮವೈದ್ಯರ ಬಳಿ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗವಿದೆ.